ನಾಪತ್ತೆಯಾದ ಎಂಜಿನಿಯರ್ ಮಹಾಶಯರಿಗೆ ಒಂದು ಬಹಿರಂಗ ದೂರು

ಮಾನ್ಯರೇ,

ತಮ್ಮ ನಿಜವಾದ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ. 2011ರಲ್ಲಿ ಬರೆಯಲು ಶುರುಮಾಡಿದಾಗ ತಾವು ಇಟ್ಟುಕೊಂಡ ಹೆಸರು ಎನ್‌ಡಬ್ಲ್ಯೂಎವಿಗೈ. ಅದನ್ನು ಒಂದೇ ಉಸಿರಿಗೆ ಹೇಳುವುದೇ ಒಂದು ಪ್ರಾಣಾಯಾಮ. ಹಾಗಾಗಿ ‘ಮಾನ್ಯರೇ’ ಎಂದೇ ಸುಧಾರಿಸಿಕೊಳ್ಳುತ್ತೇನೆ. ವಿಳಾಸವೂ ಇಲ್ಲ, ಆದ್ದರಿಂದ ಊರೆಲ್ಲ ಓದುವ ಹಾಗೆ ಬರೆಯಬೇಕಾಗಿದೆ. ತಮ್ಮ ದೆಸೆಯಿಂದ ನನಗಾದ ಲಾಭವೆಂದರೆ ಈ ಅಂಚೆಚೀಟಿಯ ಉಳಿತಾಯ ಒಂದೇ.

ಓದುವ ಇತರರಿಗೆ ಪ್ರಕರಣದ ಹಿನ್ನೆಲೆ ತಿಳಿದಿರಲಿ. ಹೆಡ್‌ಫೋನಿಗೂ ಆಂಪ್ಲಿಫೈಯರ್ ಬೇಕಾಗುತ್ತದೆ. ಎಲ್ಲದಕ್ಕೂ ಅಲ್ಲ, ಫೋನಿನ ಜೊತೆ ಕೊಡುತ್ತಿದ್ದ ಗುಂಡಿಗಾತ್ರದ್ದಕ್ಕಂತೂ ಬೇಡವೇ ಬೇಡ. ಆದರೆ 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 650, 600 ಓಮ್‌ನ ಬಾಯರ್‌ಡೈನಾಮಿಕ್ ಡಿಟಿ 880, ಇಂಥವನ್ನು ಫೋನಿಗೆ ಸಿಕ್ಕಿಸಿದರೆ ದನಿ ಏಳುವುದಿಲ್ಲ, ನಡುವೆ ಒಂದು ಪೆಟ್ಟಿಗೆ ಬೇಕು. ಪೆಟ್ಟಿಗೆಯೊಳಗೆ ವಾಲ್ವ್ ಇದ್ದರೆ ಕೆಂಪಗೆ ಹೊಳೆಯುತ್ತದೆ, ನೆಂಟರಿಗೆ ತೋರಿಸಬಹುದು. ಟ್ರಾನ್ಸಿಸ್ಟರೋ ಐಸಿಯೋ ಇದ್ದರೆ ಅದು ಸಾಲಿಡ್ ಸ್ಟೇಟ್. ಮುಂದುಗಡೆಯ ಎಲ್‌ಇಡಿ ಬಿಟ್ಟರೆ ಅಲ್ಲಿ ತೋರಿಸಲು ಏನೂ ಇಲ್ಲ. ದೊಡ್ಡ ಕಂಪನಿಗಳು ಬಹಳ ಕಾಲ ಈ ಕಡೆ ತಲೆಹಾಕಲಿಲ್ಲ. ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ ಕೂತು ಬೆಸುಗೆ ಹಾಕುವ ಸಣ್ಣ ತಯಾರಕರದೇ ರಾಜ್ಯವಾಯಿತು. 1990ರ ದಶಕದಲ್ಲಿ ಚು ಮೋಯ್ ಎಂಬವರು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಹಿಡಿಸುವಂಥ ಆಂಪಿನ ನಕ್ಷೆಯೊಂದನ್ನು ಎಲ್ಲರಿಗೂ ಕೊಟ್ಟರು. 9 ವೋಲ್ಟಿನ ಬ್ಯಾಟರಿ, ಆಪ್‌ಆಂಪ್ ಎಂಬ ಐಸಿ, ಬೆರಳೆಣಿಕೆಯ ಬಿಡಿಭಾಗ, ಅಷ್ಟೇ. ಬರಬರುತ್ತಾ ತಗಡಿನ ಡಬ್ಬಿಯ ಜಾಗಕ್ಕೆ ಕಡೆದ ಅಲ್ಯೂಮಿನಿಯಂ ಬಂತು, ಬೆಲೆಗೆ ಸೊನ್ನೆ ಸೇರಿತು, ಸೊನ್ನೆಯ ಹಿಂದೆಯೇ ಸಾಹಿತ್ಯವೂ ಸೇರಿತು.

ಆ ಸಾಹಿತ್ಯ ನಮಗೆ ಎಷ್ಟು ಪ್ರಿಯವಾಗಿತ್ತು ಎಂಬುದು ತಮ್ಮಂಥ ಅರಸಿಕರಿಗೆ ಹೇಗೆ ತಿಳಿಯಬೇಕು? ಒಬ್ಬರ ಆಂಪಿನಲ್ಲಿ ಸ್ವರಗಳ ಸುತ್ತ ಗಾಳಿಯಾಡುತ್ತಿತ್ತು. ಇನ್ನೊಬ್ಬರದರಲ್ಲಿ ಮೌನ ಕಪ್ಪಗಿರುತ್ತಿತ್ತು. ಮತ್ತೊಬ್ಬರದು ಬೆಚ್ಚಗೆ, ಮಗದೊಬ್ಬರದು ಪ್ರಾಮಾಣಿಕ. ಅಳತೆಯ ಅಂಕಿಅಂಶ ಕೇಳಿದರೆ ತಯಾರಕರು ನೊಂದುಕೊಂಡು, ಇದು ಕಿವಿಯಿಂದ ಹದಮಾಡಿದ್ದು, ಮೀಟರಿನಿಂದಲ್ಲ ಎನ್ನುತ್ತಿದ್ದರು. ನಾವು ನಾಚಿ ಹಣ ಕಳಿಸುತ್ತಿದ್ದೆವು. ಆಮೇಲೆ ಆರು ತಿಂಗಳು ಕಾಯುತ್ತಿದ್ದೆವು, ಏಕೆಂದರೆ ತಯಾರಕರು ಒಬ್ಬರೇ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಕಾದಷ್ಟೂ ಬಂದ ಪೆಟ್ಟಿಗೆಯ ದನಿ ಇಂಪಾಗುತ್ತಿತ್ತು.

ಅಂಥ ಕಾಲದಲ್ಲಿ ತಾವು ಪ್ರಿಸಂ ಸೌಂಡ್ ಕಂಪನಿಯ ಡಿಸ್ಕೋಪ್ ಎಂಬ ಅನಲೈಸರ್ ಹಿಡಿದುಕೊಂಡು ಬಂದಿರಿ. ಜಾತಕ ಹೊಂದಿಸುತ್ತಾ ಕೂತಿದ್ದ ಮನೆಗೆ ಯಾರೋ ರಕ್ತಪರೀಕ್ಷೆಯ ವರದಿ ತಂದು ಚಾಪೆಯ ಮೇಲಿಟ್ಟ ಹಾಗಾಯಿತು. ಸಣ್ಣ ತಯಾರಕರ ಪೆಟ್ಟಿಗೆಗಳನ್ನು ಒಂದೊಂದಾಗಿ ಅಳೆದು ಗ್ರಾಫು ಹಾಕಿದಿರಿ. ಒಂದರಲ್ಲಿ ಎಡಕ್ಕೂ ಬಲಕ್ಕೂ ಮಟ್ಟ ಬೇರೆ, ಇನ್ನೊಂದರಲ್ಲಿ ಹೇಳಿದ ಶಕ್ತಿಯೇ ಇಲ್ಲ. ಟೀಕೆ ಸುಲಭ, ಮಾಡಿ ತೋರಿಸಿ ಎಂದರು ಆ ತಯಾರಕರ ಅಭಿಮಾನಿಗಳು. ತಾವು ಮಾಡಿಯೂ ತೋರಿಸಿದಿರಿ. ಅದೇ ತಮ್ಮ ಮೇಲಿರುವ ಮುಖ್ಯ ಆರೋಪ.

2011ರಲ್ಲಿ ತಾವು ಹೊರಬಿಟ್ಟ ಆಬ್ಜೆಕ್ಟಿವ್2, ಬಳಕೆಯಲ್ಲಿ ಓ2, ಬಿಡಿಭಾಗಗಳ ಲೆಕ್ಕದಲ್ಲಿ ಸುಮಾರು 30 ಡಾಲರಿನ ಆಂಪು. ನಕ್ಷೆ, ಬೋರ್ಡಿನ ವಿನ್ಯಾಸ, ಬಿಡಿಭಾಗಗಳ ಪಟ್ಟಿ, ಅಳತೆಯ ಗ್ರಾಫುಗಳು, ಯಾವ ರೆಸಿಸ್ಟರ್ ಯಾಕೆ ಅಲ್ಲೇ ಕೂತಿದೆ ಎಂಬ ಉದ್ದುದ್ದದ ವಿವರಣೆ, ಎಲ್ಲವನ್ನೂ ಪುಕ್ಕಟೆ ಹರಡಿದಿರಿ. ಯಾರು ಬೇಕಾದರೂ ಮಾಡಿ ಮಾರಬಹುದು, ನನಗೆ ಚಿಕ್ಕಾಸೂ ಬೇಡ, ಆದರೆ ವಿನ್ಯಾಸ ಬದಲಿಸಿ ಮಾರುವಂತಿಲ್ಲ ಎಂದು ಷರತ್ತು ಹಾಕಿದಿರಿ. ಪರೋಪಕಾರದ ಹೆಸರಿನಲ್ಲಿ ಇಷ್ಟು ಕ್ರೂರವಾದ ಷರತ್ತನ್ನು ನಾನು ಕೇಳಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಜೆಡಿಎಸ್ ಲ್ಯಾಬ್ಸ್ ಮಾಡಿದ್ದೂ ಅದೇ ಓ2, ಇಂಗ್ಲೆಂಡಿನಲ್ಲಿ ಎಪಿಫನಿ ಅಕೌಸ್ಟಿಕ್ಸ್ ಮಾಡಿದ್ದೂ ಅದೇ. ಕೊಳ್ಳುವವನು ಪೆಟ್ಟಿಗೆಯ ಬಣ್ಣವನ್ನು, ಜ್ಯಾಕು ಮುಂದಿದೆಯೋ ಹಿಂದಿದೆಯೋ ಎಂಬುದನ್ನು ನೋಡಿ ಆರಿಸಬೇಕು. ನಾಲ್ಕು ತಯಾರಕರಿಂದ ನಾಲ್ಕು ಪೆಟ್ಟಿಗೆ ತರಿಸಿ, ಭಾನುವಾರವಿಡೀ ಕೂತು ಹೋಲಿಸಿ, ಸೋಮವಾರ ಮೂರನ್ನು ನಷ್ಟಕ್ಕೆ ಮಾರುವ ನಮ್ಮ ಪುರಾತನ ಸುಖಕ್ಕೆ ಅಲ್ಲಿಗೆ ತರ್ಪಣ ಬಿಟ್ಟಂತಾಯಿತು.

ಒಳಗೆ ಏನಾದರೂ ಘನವಾದದ್ದು ಇಟ್ಟಿದ್ದರೂ ಕ್ಷಮಿಸಬಹುದಿತ್ತು. ತಾವು ಇಟ್ಟದ್ದು ಜಪಾನಿನ ಜೆಆರ್‌ಸಿಯ ಎನ್‌ಜೆಎಂ4556ಎ, ಎನ್‌ಜೆಎಂ2068 ಎಂಬ ಚಿಲ್ಲರೆ ಬೆಲೆಯ ಐಸಿಗಳು. ಹೊಳಪಿನ ಹೆಸರಿನ ಆಪ್‌ಆಂಪುಗಳಿರುವಾಗ ಇದೇಕೆ ಎಂದು ಕೇಳಿದರೆ, ಹೆಡ್‌ಫೋನಿಗೆ ಬೇಕಾದ ಕರೆಂಟು ಕೊಡುವ ತಾಕತ್ತು 4556ಕ್ಕೆ ಇದೆ, ಎಷ್ಟೋ ಹೆಸರಾಂತ ಐಸಿಗಳಿಗೆ ಇಲ್ಲ ಎಂಬ ಉತ್ತರ. ಸಾಕೆಟ್ಟಿನಿಂದ ಐಸಿ ಕಿತ್ತು ಬೇರೊಂದನ್ನು ತುರುಕಿ, ‘ಆಹಾ, ಪರದೆ ಸರಿಯಿತು’ ಎನ್ನುವುದು ನಮ್ಮಲ್ಲಿ ಅನೇಕರಿಗೆ ಸಂಧ್ಯಾವಂದನೆ ಇದ್ದಂತೆ. ಹಾಗೆ ತುರುಕಿದರೆ ಸರ್ಕ್ಯೂಟು ತಾನೇತಾನಾಗಿ ಕಂಪಿಸಲು ಶುರುವಾಗಬಹುದು, ಸರಿದದ್ದು ಪರದೆಯಲ್ಲ ಎಂದು ಬರೆದು ಅದನ್ನೂ ಕೆಡಿಸಿದಿರಿ.

ಇಂಥ ಕಿಡಿಗೇಡಿತನ ತಮ್ಮಿಂದಲೇ ಶುರುವಾಯಿತು ಎನ್ನಲಾರೆ. 1985ರಲ್ಲಿ ಬಾಬ್ ಕಾರ್ವರ್ ಎಂಬ ವಿನ್ಯಾಸಕರು, ಸ್ಟೀರಿಯೋಫೈಲ್ ಪತ್ರಿಕೆಯವರು ಮೆಚ್ಚಿದ ದುಬಾರಿ ವಾಲ್ವ್ ಆಂಪಿನ ದನಿಯನ್ನು ತಮ್ಮ ಅಗ್ಗದ ಸಾಲಿಡ್ ಸ್ಟೇಟಿನಲ್ಲಿ ತರುತ್ತೇನೆಂದು ಪಣ ಕಟ್ಟಿದರು. ಹೋಟೆಲ್ ಕೋಣೆಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತು, ಎರಡರ ನಡುವಿನ ವ್ಯತ್ಯಾಸವನ್ನು ಅಳೆಯುತ್ತಾ, ಇಳಿಸುತ್ತಾ ಹೋದರು. ಕೊನೆಗೆ ಪತ್ರಿಕೆಯವರ ಕಿವಿಗಳಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ಆ ಪ್ರಸಂಗವನ್ನು ನಮ್ಮ ವಲಯ ಅಚ್ಚುಕಟ್ಟಾಗಿ ಮರೆತಿತ್ತು. ತಾವು ನೆನಪಿಸುವ ಅಗತ್ಯವಿರಲಿಲ್ಲ.

ಈಗ ನನ್ನ ಪಾಡು ಕೇಳಿ. ಸಣ್ಣ ತಯಾರಕರ ಜಾಹೀರಾತು ಓದಲು ಕೂತರೆ ಕೈ ತಾನಾಗಿ ಕ್ಯಾಲ್ಕುಲೇಟರಿಗೆ ಹೋಗುತ್ತದೆ. ಎಚ್‌ಡಿ 650ಕ್ಕೆ 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಬರುತ್ತದೆಂದು ಅದರ ಕಂಪನಿಯೇ ಹೇಳುತ್ತದೆ. 300 ಓಮ್‌ಗೆ 1 ವೋಲ್ಟ್ ಎಂದರೆ 3.3 ಮಿಲಿವಾಟ್. ಕಿವಿ ಬೇಡವೆನ್ನುವ 110 ಡೆಸಿಬೆಲ್ ಬೇಕೆಂದರೂ 17 ಮಿಲಿವಾಟ್ ದಾಟುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಸಾಕಪ್ಪಾ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಾಹೀರಾತಿನಲ್ಲೋ ‘2 ವಾಟ್’, ‘5 ವಾಟ್’ ಎಂದು ದಪ್ಪಕ್ಷರ. ಮೊದಲಾಗಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಈಗ ಇಷ್ಟು ವಾಟ್ ಇಟ್ಟುಕೊಂಡು ನಾನು ಯಾರ ಮದುವೆಯ ಮೆರವಣಿಗೆ ಹೊರಡಿಸಲಿ ಎನಿಸುತ್ತದೆ. ನ್ಯಾಯವಾಗಿ ಒಂದು ಮಾತು: ಹೈಫೈಮನ್ ಎಚ್‌ಇ-6ರಂಥ ಸೋಮಾರಿ ಪ್ಲಾನರ್ ಹೆಡ್‌ಫೋನುಗಳಿಗೆ ಅದೇ 110 ಡೆಸಿಬೆಲ್ ಮುಟ್ಟಲು ಅರ್ಧ ವಾಟಿನ ಹತ್ತಿರ ಬೇಕು. ಅಂಥದ್ದು ಮನೆಯಲ್ಲಿರುವವರು ದಪ್ಪಕ್ಷರ ಓದಲಿ. ಉಳಿದವರು ಪುಟ ತಿರುಗಿಸಬಹುದು.

ಬೆಚ್ಚನೆಯ ದನಿಯ ಗತಿಯೂ ಅಷ್ಟೇ ಆಯಿತು. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದ್ದರ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂದು ಸಾರುತ್ತಾ ಬಂದಿರಿ. ಒಂದು ಕಾಲದ ಅಂತಾರಾಷ್ಟ್ರೀಯ ಮಾನದಂಡವೇ ಅದು 120 ಓಮ್ ಇರಲಿ ಎಂದಿತ್ತು, ತಾವು ಅದಕ್ಕೂ ಮರ್ಯಾದೆ ಕೊಡಲಿಲ್ಲ. ನೋಡೋಣವೆಂದು ಲೆಕ್ಕ ಹಾಕಿದೆ. ಹೆಸರಿಗೆ 300 ಓಮ್ ಆದರೂ ಎಚ್‌ಡಿ 650ರ ಇಂಪೀಡೆನ್ಸ್ ಬೇಸ್ ಭಾಗದಲ್ಲಿ 500 ಓಮ್ ಆಸುಪಾಸಿಗೆ ಏರುತ್ತದೆ. 120 ಓಮ್‌ನ ಆಂಪಿಗೆ ಸಿಕ್ಕಿಸಿದರೆ ನಡುಸ್ವರಗಳು ಸುಮಾರು 3 ಡೆಸಿಬೆಲ್ ಇಳಿಯುತ್ತವೆ, ಬೇಸ್ 2 ಡೆಸಿಬೆಲ್‌ಗೇ ನಿಲ್ಲುತ್ತದೆ. ಆ ಉಳಿದ ಒಂದು ಡೆಸಿಬೆಲ್ಲೇ ನಾವು ಕವಿತೆ ಕಟ್ಟಿದ ಬೆಚ್ಚನೆ! ಬೇಕೆಂದವರು ಯಾವುದೇ ಒಳ್ಳೆಯ ಆಂಪಿಗೂ ಹೆಡ್‌ಫೋನಿಗೂ ನಡುವೆ ಒಂದೆರಡು ರೂಪಾಯಿಯ ರೆಸಿಸ್ಟರ್ ಬೆಸುಗೆ ಹಾಕಿಕೊಂಡರಾಯಿತು. ಎರಡು ರೂಪಾಯಿಯ ರೆಸಿಸ್ಟರನ್ನು ಪ್ರೀತಿಸುವುದು ಎಷ್ಟು ಕಷ್ಟ ಎಂಬ ಅಂದಾಜು ತಮಗಿದೆಯೇ?

ಇನ್ನು ಗೇನ್ ವಿಷಯ. ಇದರಲ್ಲಿ ಮಾತ್ರ ತಮ್ಮನ್ನು ದೂರುವ ನನ್ನ ಉತ್ಸಾಹ ಸ್ವಲ್ಪ ಕುಗ್ಗುತ್ತದೆ, ಏಕೆಂದರೆ ಸಣ್ಣ ತಯಾರಕರಿಂದ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲೇ. ಮೇಜಿನ ಮೇಲಿನ ಸಿಡಿ ಪ್ಲೇಯರು, ಡಿಜಿಟಲ್ ಅಂಕಿಗಳನ್ನು ದನಿಯ ಅಲೆಯಾಗಿಸುವ ಡ್ಯಾಕು ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಆಂಪು ಅದನ್ನು ಎಷ್ಟು ಪಟ್ಟು ಏರಿಸುತ್ತದೆಂಬುದೇ ಗೇನ್. ತಮ್ಮ ಓ2ರಲ್ಲಿ ಎರಡೂವರೆ ಪಟ್ಟು, ಆರೂವರೆ ಪಟ್ಟು ಎಂದು ಎರಡು ಇಟ್ಟಿದ್ದಿರಿ. ಹಿನ್ನೆಲೆಯ ಸದ್ದು ಕಡಿಮೆಯಾಗಲೆಂದು ವಾಲ್ಯೂಮನ್ನು ಗೇನ್ ಹಂತದ ನಂತರ ಕೂರಿಸಿದ್ದಿರಿ. ಹಾಗಾಗಿ 2 ವೋಲ್ಟನ್ನು ಆರೂವರೆ ಪಟ್ಟಿಗೆ ಹಾಕಿದರೆ 13 ವೋಲ್ಟ್ ಆಗಬೇಕು, ಅಷ್ಟು ಕೊಡಲಾರದೆ ಒಳಗೇ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ವಾಲ್ಯೂಮ್ ಎಷ್ಟು ತಗ್ಗಿಸಿದರೂ ಕತ್ತರಿಸಿದ್ದು ಕೂಡಿಕೊಳ್ಳುವುದಿಲ್ಲ. ಇದನ್ನು ತಾವು ಮುಚ್ಚಿಡದೆ ಬರೆದಿದ್ದಿರಿ, ಯಾವ ಗೇನಿಗೆ ಯಾವ ರೆಸಿಸ್ಟರ್ ಎಂದೂ ಹೇಳಿದ್ದಿರಿ. ಮಾಡಿ ಮಾರುವವರು ಆರ್ಡರ್ ತೆಗೆದುಕೊಳ್ಳುವಾಗಲೇ ‘ಗೇನ್ ಎಷ್ಟಿರಲಿ?’ ಎಂದು ಕೇಳತೊಡಗಿದರು. ಕೇಳುವ ತಯಾರಕರು ಅರ್ಧ ಪಾಸು, ಇದು ನನ್ನ ಖಚಿತ ಅಭಿಪ್ರಾಯ.

ಕೇಳದ ಒಬ್ಬರ ಪೆಟ್ಟಿಗೆ ಗೆಳೆಯನ ಮೇಜಿನ ಮೇಲಿದೆ. ಮುಂಭಾಗ ಒಂದು ಬೆರಳು ದಪ್ಪದ ಅಲ್ಯೂಮಿನಿಯಂ, ವಾಲ್ಯೂಮ್ ನಾಬು ತಣ್ಣಗೆ, ಭಾರವಾಗಿ ಕೈ ತುಂಬುತ್ತದೆ. ಗೇನ್ ಹತ್ತು ಪಟ್ಟು. ಅವನ ಕಿವಿಯೊಳಗಿಡುವ 16 ಓಮ್‌ನ ಇಯರ್‌ಫೋನಿಗೆ ಆ ನಾಬಿನಲ್ಲಿ ಉಪಯೋಗಕ್ಕೆ ಬರುವುದು ಉಗುರಿನಷ್ಟು ಜಾಗ. ಕೂದಲೆಳೆಯಷ್ಟು ತಿರುಗಿಸಿದರೆ ದೊರೆಸ್ವಾಮಿ ಅಯ್ಯಂಗಾರರ ವೀಣೆ ಎಡಗಿವಿಯಲ್ಲಿ ಮಾತ್ರ ನುಡಿಯುತ್ತದೆ. ಇನ್ನೊಂದು ಕೂದಲೆಳೆ, ಬಲಗಿವಿಯೂ ಎಚ್ಚರಗೊಳ್ಳುತ್ತದೆ. ಮೂರನೆಯದಕ್ಕೆ ಗೆಳೆಯ ಇಯರ್‌ಫೋನ್ ಕಿತ್ತು ಬಿಸಾಡುತ್ತಾನೆ. ಅಗ್ಗದ್ದಿರಲಿ ದುಬಾರಿಯದಿರಲಿ, ಎರಡು ಪಟ್ಟಿಯ ಪೊಟೆನ್ಷಿಯೋಮೀಟರುಗಳು ಆರಂಭದ ಆ ತುದಿಯಲ್ಲಿ ಎಡ ಬಲ ಸಮವಾಗಿ ನಡೆಯುವುದಿಲ್ಲ. ಗೇನ್ ಇಳಿಸಿದರೆ ನಾಬು ನಡುಭಾಗಕ್ಕೆ ಬರುತ್ತದೆ, ರೋಗ ವಾಸಿ. ಗೆಳೆಯ ಮಾತ್ರ ಇದನ್ನು ಒಪ್ಪುವುದಿಲ್ಲ, ಅಷ್ಟು ಬೇಗ ಜೋರಾಗುವುದು ಆಂಪಿನ ‘ಹಿಡಿತ’ವಂತೆ.

ಅದೇ ಮೇಜಿನ ಮೇಲೆ ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ಏನೂ ನುಡಿಸದೆ, ಜ್ಯಾಕಿಗೆ ಕಡ್ಡಿ ಮುಟ್ಟಿಸಿದೆವು. ನಾಲ್ಕು ಮಿಲಿವೋಲ್ಟ್, ಚಿಂತೆಯಿಲ್ಲ. ಸ್ವಿಚ್ ಆರಿಸಿ ಹಾಕಿದಾಗ ಅಂಕಿ ಗಕ್ಕನೆ ಮೇಲೆ ಹಾರಿ ಇಳಿಯಿತು. ಆ ಕ್ಷಣಕ್ಕೆ ಹೆಡ್‌ಫೋನನ್ನು ದೂರವಿಡುವ ರಿಲೇ ಒಳಗೆ ಇಲ್ಲ, ಅದರ ಹಣ ಮುಂಭಾಗದ ಅಲ್ಯೂಮಿನಿಯಮ್ಮಿಗೆ ಹೋಗಿದೆ. ತಾವಾದರೋ ಓ2ರ ಎರಡು ಬ್ಯಾಟರಿಗಳಲ್ಲಿ ಒಂದು ಸತ್ತರೂ ಎರಡೂ ಬದಿಯ ವಿದ್ಯುತ್ತು ಕಡಿಯುವ ಸರ್ಕ್ಯೂಟು ಇಟ್ಟಿದ್ದಿರಿ, ಪಾಪದ ಹೆಡ್‌ಫೋನಿನೊಳಗೆ ಡಿಸಿ ನುಗ್ಗಬಾರದೆಂದು. ಕಣ್ಣಿಗೆ ಕಾಣದ ಜಾಗಕ್ಕೆ ಹಣ ಹಾಕುವವರು ವ್ಯಾಪಾರದಲ್ಲಿ ಉದ್ಧಾರವಾಗುವುದಿಲ್ಲ. ತಾವು ವ್ಯಾಪಾರ ಮಾಡಲೇ ಇಲ್ಲ, ಅದು ಬೇರೆ ಮಾತು.

ಕನ್ನಡನಾಡಿನ ಗ್ರಾಹಕರ ಪರವಾಗಿ ಒಂದು ಪ್ರತ್ಯೇಕ ದೂರಿದೆ. 1985ರಿಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಬೀಡುಬಿಟ್ಟಿದೆ, ಚಿಪ್ಪು ವಿನ್ಯಾಸ ಮಾಡುವವರು ಈ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಆದರೂ ನಾಲ್ಕು ಐಸಿಯ ಪೆಟ್ಟಿಗೆಗೆ ನಾವು ಇಲಿನಾಯ್ ಕಡೆ ಮುಖ ಮಾಡಿ ಕೂರುತ್ತೇವೆ. ಪೆಟ್ಟಿಗೆ ಬರುತ್ತದೆ, ಹಿಂದೆಯೇ ಕೊರಿಯರ್‌ನವರು ಕಸ್ಟಮ್ಸ್ ಸುಂಕದ ಚೀಟಿ ಹಿಡಿದು ಬರುತ್ತಾರೆ. ಬಿಚ್ಚಿದರೆ ಜೊತೆಗೆ ಅಮೆರಿಕದ 115 ವೋಲ್ಟಿನ ಅಡಾಪ್ಟರ್. ಅದನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ದನಿಯ ಬದಲು ವಾಸನೆ ಬರುತ್ತದೆ. ಮೂಲೆಯಲ್ಲಿ ಬಿದ್ದ ಹಳೆಯ ಮೋಡೆಮ್ಮಿನ ಅಡಾಪ್ಟರ್ ಹಾಕೋಣವೆಂದರೆ ಅದು ಡಿಸಿ, ಓ2ಗೂ ಅದರ ಕೆಲವು ನೆಂಟರಿಗೂ ಬೇಕಾದ್ದು ಎಸಿಯಿಂದ ಎಸಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್. ಎಸ್.ಪಿ. ರೋಡಿನಲ್ಲಿ ಹದಿನೈದು ಹದಿನಾರು ವೋಲ್ಟ್ ಎಸಿ ಅಡಾಪ್ಟರ್ ಕೊಡಿ ಎಂದರೆ ಅಂಗಡಿಯವರು ಮೊದಲು ಡಿಸಿಯದನ್ನೇ ಮುಂದಿಡುತ್ತಾರೆ, ಎರಡನೇ ಸಲ ಹೇಳಿದಾಗ ನಮ್ಮ ಮುಖ ನೋಡುತ್ತಾರೆ. ಆರ್ಡರ್ ಕೊಡುವ ಮುನ್ನ ‘230 ವೋಲ್ಟಿನದೇ ಕಳಿಸಿ’ ಎಂದು ಒಂದು ಸಾಲು ಬರೆದರೆ ಈ ತೀರ್ಥಯಾತ್ರೆ ತಪ್ಪುತ್ತದೆ. ತಪ್ಪಿಸಿಕೊಳ್ಳುವವರು ಕಡಿಮೆ.

ತಾವು ಹಾಳುಮಾಡಿದ ಮಾರುಕಟ್ಟೆ ಆಮೇಲೆ ಚೇತರಿಸಿಕೊಂಡೀತು ಎಂಬ ಆಸೆಯೂ ಸುಳ್ಳಾಯಿತು. ಹಿರಿಯರ ಮುಂದೆ ಹೆಸರು ಹೇಳಲಾಗದ ಕ್ಯಾಲಿಫೋರ್ನಿಯಾದ ಒಂದು ಕಂಪನಿಯನ್ನು 2010ರಲ್ಲಿ ಜೇಸನ್ ಸ್ಟಾಡರ್ಡ್ ಮತ್ತು ಮೈಕ್ ಮಾಫಟ್ ಕಟ್ಟಿದರು. 2012ರಲ್ಲಿ ಮ್ಯಾಗ್ನಿ ಎಂಬ ಆಂಪನ್ನು 99 ಡಾಲರಿಗೆ ಇಳಿಸಿಬಿಟ್ಟರು. 2018ರಲ್ಲಿ ಜೆಡಿಎಸ್ ಲ್ಯಾಬ್ಸ್‌ನವರು ಓ2ಕ್ಕಿಂತ ಮುಂದೆ ಹೋಗುತ್ತೇವೆಂದು ಆಟಮ್ ತಂದರು, ಅದಕ್ಕೂ 99 ಡಾಲರ್. ಈಗ ಸಣ್ಣ ತಯಾರಕರೇ ಅಳತೆಯ ಗ್ರಾಫು ಮುಂದಿಟ್ಟುಕೊಂಡು ಜಗಳವಾಡುತ್ತಾರೆ, ದಶಾಂಶದ ನಂತರ ಯಾರಿಗೆ ಎಷ್ಟು ಸೊನ್ನೆ ಎಂದು. ಮೊದಲು ಸೊನ್ನೆಗಳು ಬೆಲೆಯ ಬಲಕ್ಕಿದ್ದವು, ಈಗ ಡಿಸ್ಟಾರ್ಷನ್ನಿನಲ್ಲಿ ಬಂದು ಕೂತಿವೆ. ಅಮೆರಿಕದಲ್ಲಿ ಆಪಲ್ ಕಂಪನಿ 9 ಡಾಲರಿಗೆ ಮಾರುವ ಬೆರಳುದ್ದದ ಡಾಂಗಲ್ಲು ಕೂಡ ಅಳತೆಯಲ್ಲಿ ಪಾಸು. ಸೂಕ್ಷ್ಮ ಹೆಡ್‌ಫೋನಿನವರಿಗೆ ಅದೇ ಸಾಕೆಂದು ಬರೆಯಲು ನನ್ನ ಕೈ ನಡುಗುತ್ತದೆ.

ನಮ್ಮಲ್ಲೂ ಸೊನ್ನೆ ಎಣಿಸುವವರಿದ್ದಾರೆ. ಶೇಕಡಾ 0.0003 ಡಿಸ್ಟಾರ್ಷನ್ನಿನ ಆಂಪು ತರಿಸಿ, ಅದರಲ್ಲಿ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಎಚ್‌ಎಂವಿ ತಟ್ಟೆ ಕೇಳುತ್ತಾರೆ. ಗಂಗೂಬಾಯಿಯವರು ಆಗ ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದರು. ಆ ತಟ್ಟೆಯ ಗರಗರ, ಮುಳ್ಳಿನ ತೇಲಾಟ, ಅಂದಿನ ಮೈಕಿನ ಮಿತಿ, ಇವುಗಳ ಮುಂದೆ ಯಾವ ಆಂಪಿನ ದೋಷ ಕಿವಿಗೆ ಬಿದ್ದೀತು? ಆಕೆಯ ದನಿ ಮಾತ್ರ ಬೀಳುತ್ತದೆ. ಸೊನ್ನೆ ಎಣಿಸುವವರೋ, ಗರಗರ ಇನ್ನೂ ಸ್ಪಷ್ಟವಾಗಿದೆ ಎಂದು ಹೊಸ ಆಂಪನ್ನು ಹೊಗಳುತ್ತಾರೆ.

ಈಗ ಕೊನೆಯ ಆರೋಪ, ಎಲ್ಲಕ್ಕಿಂತ ಗಂಭೀರವಾದದ್ದು. 2012ರಲ್ಲಿ ಓಡ್ಯಾಕ್ ಎಂಬ ಡ್ಯಾಕನ್ನೂ ಹೊರತಂದು, ಮೇಜಿನ ಮೇಲಿಡುವ ದೊಡ್ಡ ಆಂಪಿನ ಮಾತನ್ನೂ ಆಡಿ, ಆಮೇಲೆ ತಾವು ಮೌನವಾದಿರಿ. ಒಂದು ವಿದಾಯದ ಸಾಲೂ ಇಲ್ಲ. 2014ರಲ್ಲಿ ಐಇಇಇ ಸ್ಪೆಕ್ಟ್ರಮ್‌ನಂಥ ಎಂಜಿನಿಯರುಗಳ ಪತ್ರಿಕೆಯೇ ತಮ್ಮನ್ನು ಹುಡುಕಿ ಬರೆಯಿತು, ತಾವು ಸಿಗಲಿಲ್ಲ. ಸಣ್ಣ ತಯಾರಕರ ವಿಷಯದಲ್ಲಿ ನಮ್ಮ ದೊಡ್ಡ ಭಯ ಇದೇ ಅಲ್ಲವೇ? ಒಬ್ಬರೇ ನಡೆಸುವ ಕಾರ್ಖಾನೆ, ಅವರಿಗೆ ಬೇಸರ ಬಂದ ದಿನ ಬಾಗಿಲು ಮುಚ್ಚುತ್ತದೆ. ಐಸಿಯ ಮೇಲಿನ ಹೆಸರನ್ನು ಉಜ್ಜಿ ಅಳಿಸಿ, ಬೋರ್ಡಿನ ಮೇಲೆ ಕಪ್ಪು ಅಂಟು ಸುರಿದು ಗುಟ್ಟು ಕಾಪಾಡಿದ ಪೆಟ್ಟಿಗೆ ಕೆಟ್ಟರೆ ರಿಪೇರಿಯವರು ಕೈ ಮುಗಿಯುತ್ತಾರೆ. ವಾಪಸ್ ಕಳಿಸಲು ವಿಳಾಸವೂ ಉಳಿದಿರುವುದಿಲ್ಲ. ನಾವು ಒಂದು ಡೆಸಿಬೆಲ್ಲಿನ ಬೆಚ್ಚನೆಗಾಗಿ ತಿಂಗಳುಗಟ್ಟಲೆ ಜಗಳವಾಡಿ, ಕೆಟ್ಟರೆ ಗತಿಯೇನು ಎಂಬುದನ್ನು ಮಾತ್ರ ಕೇಳುವುದಿಲ್ಲ.

ತಾವು ಇದ್ದಕ್ಕಿದ್ದಂತೆ ಮಾಯವಾದಿರಿ, ಆದರೂ ಓ2 ಅನಾಥವಾಗಲಿಲ್ಲ. ಅದರ ನಕ್ಷೆ ಎಲ್ಲರ ಬಳಿ ಇದೆ, ಬಿಡಿಭಾಗದ ಹೆಸರು ಪಟ್ಟಿಯಲ್ಲಿದೆ, ಬೆಸುಗೆ ಬಲ್ಲ ಯಾವ ಹುಡುಗನಾದರೂ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ನೋಡಿ ಸರಿಮಾಡಬಲ್ಲ. ಮಾಡಿದವರ ಹೆಸರೇ ಗೊತ್ತಿಲ್ಲದ ಆಂಪು, ಹೆಸರು ಕೆತ್ತಿಸಿಕೊಂಡ ಎಷ್ಟೋ ಆಂಪುಗಳಿಗಿಂತ ಹೆಚ್ಚು ಭರವಸೆಯದಾಗಿ ಕೂತಿದೆ. ಇದರಿಂದ ಸಣ್ಣ ತಯಾರಕರನ್ನು ಆರಿಸುವ ಕೆಲಸ ಅಸಹ್ಯವಾಗುವಷ್ಟು ಸರಳವಾಗಿಹೋಯಿತು. ನಕ್ಷೆ ಕೊಡುತ್ತೀರಾ, ಅಳತೆ ತೋರಿಸುತ್ತೀರಾ, ಗೇನ್ ಎಷ್ಟು, ಕೆಟ್ಟರೆ ಯಾರು ನೋಡುತ್ತಾರೆ ಎಂದು ಒಂದು ಪತ್ರ ಬರೆದರೆ ಮುಗಿಯಿತು. ಉತ್ತರ ಕೊಟ್ಟವರಿಂದ ಕೊಳ್ಳುವುದು, ಕವಿತೆ ಕಳಿಸಿದವರಿಗೆ ನಮಸ್ಕಾರ ಹೇಳುವುದು. ಅರ್ಧ ಗಂಟೆಯ ಕೆಲಸ. ಮಿಕ್ಕ ಆಯುಷ್ಯವನ್ನು ನಾವು ಸಂಗೀತ ಕೇಳಿಯೇ ಕಳೆಯಬೇಕೆ?

ಆದ್ದರಿಂದ ತಮ್ಮಲ್ಲಿ ಒಂದು ಬೇಡಿಕೆ. ತಾವು ಮಾತಾಡಿದ್ದ ಆ ಮೇಜಿನ ಆಂಪಿನ ನಕ್ಷೆ ತಮ್ಮ ಕಡತದಲ್ಲಿ ಎಲ್ಲಾದರೂ ಇದ್ದರೆ, ಅರ್ಧವೇ ಆಗಿದ್ದರೂ ಸರಿ, ಹೆಸರಿಲ್ಲದೆಯೇ ಹೊರಬಿಡಿ. ಗೇನ್ ಒಂದಕ್ಕೇ ಇರಲಿ. ಅಡಾಪ್ಟರ್ ನಾವು ಎಸ್.ಪಿ. ರೋಡಿನಲ್ಲಿ ನೋಡಿಕೊಳ್ಳುತ್ತೇವೆ.

ಇತಿ,
ತಮ್ಮಿಂದ ನೊಂದ ಗ್ರಾಹಕ